ಈಜು ಬಲ್ಲವನ ಬೂಟು

ನನಗೆ ಈಜಲು ಬರುವುದಿಲ್ಲ. ಇಷ್ಟು ಸಣ್ಣ ವಾಕ್ಯವನ್ನು ಬಾಯಿಬಿಟ್ಟು ಹೇಳಲು ನಾನು ಐದು ವರ್ಷ ತೆಗೆದುಕೊಂಡೆ. ಹಾಡಲು ಬಾರದವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಅಡುಗೆ ಬಾರದ ಗಂಡಸರು ಅದೊಂದು ಪದವಿಯೇನೋ ಎಂಬಂತೆ ಮಾತಾಡುತ್ತಾರೆ. ಈಜು ಬಾರದಿರುವುದೂ ಅಂಥದ್ದೇ ನಿರುಪದ್ರವಿ ಕೊರತೆ. ಆದರೆ ಬರುತ್ತದೆ ಎಂದು ಒಮ್ಮೆ ಹೇಳಿಬಿಟ್ಟರೆ ಅದು ಬರೀ ಕೊರತೆಯಾಗಿ ಉಳಿಯುವುದಿಲ್ಲ.

ನಾನು ಹಾಗೆ ಹೇಳಿದ್ದು ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ, ಓದಲು ಹೋಗಿದ್ದಾಗ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅಣ್ಣ ದುಬೈಯಲ್ಲಿದ್ದ, ನನ್ನನ್ನು ಓದಿಸಬೇಕೆಂಬ ಹಟ ಅವನದು. ಸಹಪಾಠಿ ಮಾರ್ಟಿನ್ ಒಂದು ದಿನ ಅಟ್ಲಾಸ್ ಬಿಡಿಸಿ ನನ್ನ ಊರು ಎಲ್ಲಿ ಎಂದು ಕೇಳಿದ. ಕಕ್ಕಿಂಜೆ ಯಾವ ಅಟ್ಲಾಸಿನಲ್ಲಿದೆ? ಚಾರ್ಮಾಡಿ ಘಾಟಿಯ ಬುಡದ ಊರನ್ನು ನಕ್ಷೆ ಬರೆಯುವವರು ಗಮನಿಸಿದಂತಿಲ್ಲ. ನಾನು ಮಂಗಳೂರಿನ ಚುಕ್ಕಿಯ ಮೇಲೆ ಬೆರಳಿಟ್ಟೆ. ಚುಕ್ಕಿ ಸಮುದ್ರಕ್ಕೆ ತಾಗಿಕೊಂಡೇ ಇತ್ತು.

"ಹಾಗಾದರೆ ನಿನಗೆ ಚೆನ್ನಾಗಿ ಈಜು ಬರುತ್ತದೆ" ಎಂದ ಮಾರ್ಟಿನ್.

"ಸುಮಾರಾಗಿ" ಎಂದೆ ನಾನು.

ವಿನಯದಿಂದ ಹೇಳಿದ ಸುಳ್ಳನ್ನು ಜನ ಬೇಗ ನಂಬುತ್ತಾರೆ. ನಮ್ಮ ಮನೆಯಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಎರಡೂವರೆ ಗಂಟೆ. ನಮ್ಮ ಚಹಾದಂಗಡಿಯ ಹಿಂದಿನ ಹೊಳೆಯಂತೂ ಏಪ್ರಿಲಿನಲ್ಲಿ ಮೊಣಕಾಲು ಮುಚ್ಚುವುದಿಲ್ಲ, ಜೂನ್ ಬಂತೆಂದರೆ ಅದನ್ನು ರಸ್ತೆಯಲ್ಲಿ ನಿಂತು ನೋಡಬಹುದು ಅಷ್ಟೆ. ನನ್ನ ಜಲಕ್ರೀಡೆಯ ಇತಿಹಾಸ ಇಷ್ಟೇ. ಆದರೆ ಪರದೇಶದಲ್ಲಿ ಬೇರೆ ಯಾವ ಗುಣಕ್ಕೂ ಗುರುತಿಸಲ್ಪಡದವನಿಗೆ ಸಮುದ್ರತೀರದವನು ಎಂಬ ಬಿರುದು ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ. ವಾರದೊಳಗೆ ನಾನು ತರಗತಿಯ ಅಧಿಕೃತ ಈಜುಗಾರನಾದೆ.

ಅದೇ ತರಗತಿಯಲ್ಲಿ ಕೊಕ್ಕಡದ ದಿನೇಶ ಇದ್ದ. ಅವನ ಅಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡುತ್ತಿದ್ದರು. ಅವನು ವಿದ್ಯಾರ್ಥಿವೇತನದ ಮೇಲೆ ಬಂದವನು, ಅಂದರೆ ನನಗಿಂತ ಬುದ್ಧಿವಂತ. ಅಷ್ಟು ದೂರದಲ್ಲಿ ತುಳು ಮಾತಾಡುವ ಒಬ್ಬ ಸಿಕ್ಕಿದರೆ ಅಪ್ಪಿಕೊಳ್ಳಬೇಕು. ನಾನು ಅಪ್ಪಿಕೊಳ್ಳುತ್ತಿದ್ದದ್ದು ಹಾಸ್ಟೆಲಿನ ಅಡುಗೆಮನೆಯಲ್ಲಿ, ಅವನು ಒಗ್ಗರಣೆ ಹಾಕುವಾಗ. ಕಾಲೇಜಿನ ಕಾರಿಡಾರಿನಲ್ಲಿ ಎರಡು ಮಾರು ದೂರ ನಿಲ್ಲುತ್ತಿದ್ದೆ. ದಿನೇಶ ಇಂಗ್ಲಿಷನ್ನು ಮನಸ್ಸಿನಲ್ಲಿ ಮೊದಲು ಕನ್ನಡದಲ್ಲಿ ಕಟ್ಟಿ, ಒಂದೊಂದೇ ಪದವನ್ನು ಆಚೆ ಸಾಗಿಸುತ್ತಿದ್ದ. ಕೇಳುವವರು ತಾಳ್ಮೆಯಿಂದ ಕಾಯುತ್ತಿದ್ದರು. ಅವರ ತಾಳ್ಮೆ ನೋಡಿ ನನಗೆ ಮೈಯೆಲ್ಲ ಮುಜುಗರವಾಗುತ್ತಿತ್ತು.

ಅಕ್ಟೋಬರಿನ ಒಂದು ಶನಿವಾರ ಸರೋವರವೊಂದಕ್ಕೆ ಹೋಗುವುದೆಂದಾಯಿತು. ಮಾರ್ಟಿನ್‌ನ ಹಳೆಯ ಕಾರು. ಅವನು, ನಾನು, ಚೀನಾದಿಂದ ಬಂದಿದ್ದ ವೇ ಎಂಬ ಪೀಚು ಹುಡುಗ. ಹಿಂದಿನ ಸಂಜೆ ದಿನೇಶ ಪಾತ್ರೆ ತೊಳೆಯುತ್ತಾ ಕೇಳಿದ, "ನಾಳೆ ನಾನೂ ಬರ್ಲಾ ರಫೀಕ್? ಇಲ್ಲಿಗೆ ಬಂದ ಮೇಲೆ ಎಲ್ಲಿಗೂ ಹೋಗ್ಲಿಲ್ಲ."

"ಕಾರಲ್ಲಿ ಜಾಗ ಇಲ್ಲ ಮಾರಾಯ" ಎಂದೆ.

ಬೆಳಿಗ್ಗೆ ಮಾರ್ಟಿನ್ ಬಾಗಿಲಲ್ಲಿ ನಿಂತಿದ್ದ ದಿನೇಶನನ್ನು ನೋಡಿ, ಹಿಂದೆ ಜಾಗ ಖಾಲಿ ಇದೆಯಲ್ಲ, ಬಾ ಎಂದು ಕರೆದ. ದಿನೇಶ ನನ್ನ ಮುಖ ನೋಡಲಿಲ್ಲ. ಒಳಗೆ ಓಡಿ, ಐದೇ ನಿಮಿಷದಲ್ಲಿ ನಾಲ್ಕು ಜನರಿಗೂ ಸಾಕಾಗುವಷ್ಟು ಚಪಾತಿ, ಬಟಾಟೆ ಪಲ್ಯ ಕಟ್ಟಿಕೊಂಡು ಬಂದ. ಅಷ್ಟು ಬೇಗ ಚಪಾತಿ ಆಗುವುದಿಲ್ಲ. ಕರೆಯಬಹುದೆಂದು ಅವನು ಮೊದಲೇ ಮಾಡಿಟ್ಟಿದ್ದ.

ಸರೋವರದ ನೀರು ಕಪ್ಪಗಿತ್ತು. ದಡದಿಂದ ನೀರಿನೊಳಕ್ಕೆ ಚಾಚಿದ ಒಂದು ಮರದ ಹಲಗೆಯ ಕಟ್ಟೆ, ಅದಕ್ಕೆ ಕಟ್ಟಿದ ದೋಣಿಗಳು. ಮಾರ್ಟಿನ್ ಮತ್ತು ವೇ ದೋಣಿಯಲ್ಲಿ ಹೋಗುವುದು, ನಾನು ಕಟ್ಟೆಯಿಂದ ಫೋಟೊ ತೆಗೆಯುವುದು ಎಂದು ನಾನೇ ಏರ್ಪಾಡು ಮಾಡಿದೆ. ಫೋಟೊ ತೆಗೆಯುವವನು ಯಾವ ಸಾಹಸದಲ್ಲೂ ಭಾಗವಹಿಸಬೇಕಾಗಿಲ್ಲ. ಕ್ಯಾಮೆರಾದ ಈ ಉಪಕಾರವನ್ನು ಯಾರೂ ಸರಿಯಾಗಿ ಹೊಗಳಿಲ್ಲ.

ದೋಣಿ ಕೊಡುವ ಮುದುಕ ತೇಲುವ ಜಾಕೀಟುಗಳನ್ನು ತೋರಿಸಿದ. ಅವು ಒದ್ದೆಯಾಗಿ ವಾಸನೆ ಹೊಡೆಯುತ್ತಿದ್ದವು. ವೇ ಅನುಮಾನದಿಂದ ನನ್ನನ್ನು ನೋಡಿದ. ಅವನಿಗೆ ಈಜು ಬರುತ್ತಿರಲಿಲ್ಲ, ಹಾಗೆಂದು ಅವನು ಕಾರಿನಲ್ಲೇ ಎರಡು ಸಲ ಹೇಳಿದ್ದ. ನನ್ನಿಂದಾಗದ ಕೆಲಸ ಅವನಿಗೆ ಎಷ್ಟು ಸಲೀಸು.

"ಬೇಡ ಬಿಡು" ಎಂದೆ. "ಏನಾದರೂ ಆದರೆ ನಾನಿದ್ದೇನಲ್ಲ."

ಅವನು ಜಾಕೀಟು ಕೆಳಗಿಟ್ಟು ದೋಣಿ ಹತ್ತಿದ.

ದೋಣಿ ಮೂವತ್ತು ಮಾರು ಹೋಗಿರಬಹುದು. ದಿನೇಶ ನನ್ನ ಪಕ್ಕದಲ್ಲಿ ಕೂತು ಚಪಾತಿಯ ಪೊಟ್ಟಣ ಬಿಚ್ಚುತ್ತಿದ್ದ. ನಾನು ಕ್ಯಾಮೆರಾದಲ್ಲಿ ನೋಡುತ್ತಾ, ಎದ್ದು ನಿಲ್ಲು, ಚೆನ್ನಾಗಿ ಬರುತ್ತದೆ ಎಂದು ವೇಗೆ ಕೂಗಿದೆ. ಅವನು ಎದ್ದು ನಿಂತು ಕೈಯೆತ್ತಿದ. ದೋಣಿ ವಾಲಿತು. ಅವನು ಬಿದ್ದ. ಅವನನ್ನು ಹಿಡಿಯಹೋದ ಮಾರ್ಟಿನ್‌ನ ಕೈಯಿಂದ ಒಂದು ಹುಟ್ಟು ಜಾರಿ ನೀರುಪಾಲಾಯಿತು, ಉಳಿದ ಒಂದೇ ಹುಟ್ಟಿನಲ್ಲಿ ದೋಣಿ ಇದ್ದಲ್ಲೇ ಸುತ್ತತೊಡಗಿತು. ವೇಯ ತಲೆ ಒಮ್ಮೆ ಮೇಲೆ ಬಂತು. ಮಾರ್ಟಿನ್ ಕಟ್ಟೆಯ ಕಡೆ ತಿರುಗಿ ನನ್ನ ಹೆಸರು ಹಿಡಿದು ಕೂಗಿದ. ಬರೀ ನನ್ನ ಹೆಸರು.

ಆಗ ನಾನು ಏನು ಮಾಡಿದೆ ಗೊತ್ತೇ? ಕೂತು ಬೂಟಿನ ದಾರ ಬಿಚ್ಚತೊಡಗಿದೆ.

ಈಜುಗಾರನಾದವನು ಬೂಟು ಹಾಕಿಕೊಂಡು ಹಾರುವುದಿಲ್ಲವಲ್ಲ. ನನ್ನ ಬೆರಳುಗಳು ಬಹಳ ಶಿಸ್ತಿನಿಂದ ಕೆಲಸ ಮಾಡಿದವು. ಒಂದು ಎಳೆ ಎಳೆದೆ. ಗಂಟು ಬಿಗಿಯಾಯಿತು. ಬಿಗಿಯಾದದ್ದು ನೋಡಿ ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ಆ ಒಂದು ಗಳಿಗೆಯ ಸಮಾಧಾನಕ್ಕೆ ನಾಚಿದಷ್ಟು ನಾನು ಬೇರೆ ಯಾವುದಕ್ಕೂ ನಾಚಿಲ್ಲ.

ಪಕ್ಕದಲ್ಲಿ ಹಲಗೆ ಧಡ್ ಎಂದಿತು. ದಿನೇಶ ಬೂಟು, ಸ್ವೆಟರ್ ಸಮೇತ ನೀರಿನಲ್ಲಿದ್ದ. ಅವನು ಈಜಿದ್ದು ಚೆಂದವಾಗಿಯೇನೂ ಇರಲಿಲ್ಲ. ನೀರಿನೊಡನೆ ಜಗಳಕ್ಕೆ ಬಿದ್ದವನ ಹಾಗೆ ಬಡಿಯುತ್ತಾ ಹೋದ. ವೇಯ ಅಂಗಿಯ ಕಾಲರ್ ಹಿಡಿದು ದೋಣಿಗೆ ತಲುಪಿಸಿದ. ಮಾರ್ಟಿನ್ ಮೇಲಿನಿಂದ ಎಳೆದ. ದೋಣಿಯವನು ಇನ್ನೊಂದು ದೋಣಿಯಲ್ಲಿ ಹೋಗಿ ಮೂವರನ್ನೂ ದಡಕ್ಕೆ ತಂದ. ಅಷ್ಟರಲ್ಲಿ ನನ್ನ ಒಂದು ಬೂಟು ಬಿಚ್ಚಿ ಆಗಿತ್ತು.

ವೇ ನೀರು ಕಕ್ಕಿದ, ಅತ್ತ, ಆಮೇಲೆ ಉಸಿರಾಡಿದ. ಮಾರ್ಟಿನ್ ನನ್ನ ಕಾಲುಗಳನ್ನು ನೋಡಿದ, ಒಂದಕ್ಕೆ ಬೂಟು, ಒಂದಕ್ಕೆ ಬರೀ ಕಾಲುಚೀಲ. ಅವನು ಬಾಯಿ ತೆರೆಯುವ ಮೊದಲೇ ದಿನೇಶ ಹಲ್ಲು ಕಟಕಟಿಸುತ್ತಾ ತನ್ನ ಇಂಗ್ಲಿಷಿನಲ್ಲಿ, ಆ ದಿನ ಮಾತ್ರ ಎಲ್ಲೂ ನಿಲ್ಲದೆ, ಹೇಳಿದ: "ನಾನು ತಡೆದೆ. ಇಬ್ಬರು ಹಾರಿದರೆ ಅಪಾಯ. ನಾನೇ ಇವನಿಗೆ ಬೇಡ ಎಂದೆ."

ಮಾರ್ಟಿನ್ ನಂಬಿದ. ವೇ ಕಂಬಳಿಯೊಳಗಿನಿಂದ ಕೈ ಚಾಚಿ ಇಬ್ಬರಿಗೂ ಧನ್ಯವಾದ ಹೇಳಿದ. ನಾನು ಆ ಕೈಯನ್ನು ಹಿಡಿದು ಕುಲುಕಿದೆ.

ಇಲ್ಲಿಗೆ ನಿಂತಿದ್ದರೆ ಇದನ್ನು ಹೇಡಿತನ ಎನ್ನಬಹುದಿತ್ತು, ಅದಕ್ಕೆ ಕ್ಷಮೆಯೂ ಇದ್ದೀತು. ಮರುದಿನ ಊರಿಗೆ ಫೋನ್ ಮಾಡಿದಾಗ ಉಮ್ಮನಿಗೆ ಹೇಳಿದೆ, "ಒಬ್ಬ ನೀರಿಗೆ ಬಿದ್ದ, ನಾವು ಎತ್ತಿದೆವು." ಈ ನಾವು ಎಂಬುದನ್ನು ಸ್ವಲ್ಪ ಗಮನಿಸಬೇಕು. ತುಳುವಿನಲ್ಲಿ ಎರಡು ನಾವುಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟು ಹೇಳಿದರೆ 'ಎಂಕುಲು'. ಅಷ್ಟು ಸೂಕ್ಷ್ಮವಾದ ಭಾಷೆಯಲ್ಲೂ, ಏನೂ ಮಾಡದವನು ತನ್ನನ್ನು ತಾನೇ ಸೇರಿಸಿಕೊಳ್ಳುವ ಮೂರನೆಯ ನಾವು ಇಲ್ಲ. ಅದನ್ನು ನಾನು ಕಂಡುಹಿಡಿದೆ. ಸುದ್ದಿ ಕಕ್ಕಿಂಜೆಯಿಂದ ಬೆಳ್ತಂಗಡಿಗೆ ಹೋಗುವಷ್ಟರಲ್ಲಿ ಆ ನಾವು ಸವೆದು 'ಅವನು' ಆಯಿತು. ನಾನು ತಿರುಗಿ ಬಂದಾಗ ಅಂಗಡಿಯಲ್ಲಿ ಚಹಾ ಕುಡಿಯುವವರೆಲ್ಲ ನನ್ನನ್ನು ಮರ್ಯಾದೆಯಿಂದ ನೋಡುತ್ತಿದ್ದರು. ತಿದ್ದಬಹುದಿತ್ತು. ಇವತ್ತು ಬೇಡ, ನಾಳೆ ಎಂದುಕೊಂಡೆ. ಬಿ.ಸಿ. ರೋಡ್ ಪೇಟೆಯಲ್ಲಿ ಅಣ್ಣನ ಟೈಲ್ಸ್ ಅಂಗಡಿ ನೋಡಿಕೊಳ್ಳತೊಡಗಿದೆ. ನಾಳೆಗಳು ಹಾಗೆಯೇ ಹೋದವು.

ತಂಗಿಯ ಮದುವೆ ಮೂಡುಬಿದಿರೆಯ ಒಂದು ಮದುವೆ ಹಾಲ್‌ನಲ್ಲಿ ನಡೆಯಿತು. ದಿನೇಶ ಆಗ ಅದೇ ಊರಿನ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ. ಕರೆಯದೆ ಇರಲು ಸಾಧ್ಯವಿರಲಿಲ್ಲ. ಬಿರಿಯಾನಿಯ ಪಂಕ್ತಿಯಲ್ಲಿ ನನ್ನ ಸೋದರಮಾವ ಅವನ ಪಕ್ಕದಲ್ಲೇ ಕೂತರು. ಬಡಿಸುತ್ತಿದ್ದ ನನ್ನನ್ನು ತೋರಿಸಿ ಅವರು ಹೇಳಿದರು, "ಇವ ಅಲ್ಲಿ ನೀರಿಗೆ ಹಾರಿ ಒಬ್ಬನ ಜೀವ ಉಳಿಸಿದವ. ನಿಮಗೆ ಗೊತ್ತುಂಟಾ? ನೀವೂ ಅಲ್ಲಿಯೇ ಓದಿದ್ದಲ್ವಾ?"

ದಿನೇಶ ಅನ್ನದಿಂದ ಕೈ ತೆಗೆಯದೆ ಹೇಳಿದ, "ಹೌದು. ನಾನು ಪಕ್ಕದಲ್ಲೇ ಇದ್ದೆ."

ಮಾವ ತೃಪ್ತರಾದರು. ದಿನೇಶ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಐದು ವರ್ಷದ ನನ್ನ ಸುಳ್ಳನ್ನು ಅವನು ಒಂದು ನಿಜ ಹೇಳಿ ಉಳಿಸಿಕೊಟ್ಟ. ಬಡಿಸುವುದನ್ನು ಬೇರೆಯವರಿಗೆ ಒಪ್ಪಿಸಿ ನಾನು ಹಾಲ್‌ನ ಹಿಂದೆ ಹೋಗಿ, ಎಂಜಲು ತಟ್ಟೆಗಳ ರಾಶಿಯ ಪಕ್ಕ ತುಂಬ ಹೊತ್ತು ನಿಂತಿದ್ದೆ.

ಮರುದಿನ ಉಮ್ಮನಿಗೆ ಎಲ್ಲ ಹೇಳಿದೆ, ಜಾಕೀಟಿನಿಂದ ಬೂಟಿನವರೆಗೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮದುವೆಯ ಪಾತ್ರೆಗಳನ್ನು ಒರೆಸಿ ಇಡುತ್ತಿದ್ದರು. ಕೇಳಿ ಮುಗಿದ ಮೇಲೆ, "ನೀನು ಹೇಡಿ ಆದದ್ದು ಇರ್ಲಿ" ಎಂದರು. "ಆ ಹುಡುಗ ನಿನ್ನೆ ನನ್ನೆದುರು ಕೂತು ಊಟ ಮಾಡಿದ. ನಾನು ಅವನಿಗೆ ಒಂದು ಒಳ್ಳೆ ಮಾತು ಹೇಳ್ಲಿಲ್ಲ. ನನ್ನ ಬಾಯಿಯನ್ನೂ ನೀನು ಕಟ್ಟಿ ಹಾಕಿದಿ."

ಮುಂದಿನ ಆದಿತ್ಯವಾರ ಅವರೇ ನನ್ನನ್ನು ಹೊರಡಿಸಿದರು. ಅಕ್ಕಿ ರೊಟ್ಟಿ, ಕೋಳಿ ಸಾರು ಕಟ್ಟಿಕೊಂಡು ಕೊಕ್ಕಡಕ್ಕೆ, ರಜೆಗೆ ಊರಿಗೆ ಬಂದಿದ್ದ ದಿನೇಶನ ಮನೆಗೆ ಹೋದೆವು. ಅಂಗಳದಲ್ಲಿ ತಂತಿಯ ಮೇಲೆ ರಬ್ಬರ್ ಶೀಟುಗಳು ಒಣಗುತ್ತಿದ್ದವು. ಉಮ್ಮ ಜಗಲಿಯಲ್ಲಿ ದಿನೇಶನ ಕೈ ಹಿಡಿದು ತುಳುವಿನಲ್ಲಿ ಏನೇನೋ ಹೇಳಿದರು. ಅವನು ಸಂಕೋಚದಿಂದ ಮುದ್ದೆಯಾದ. ಅವರು ಊಟ ತೆಗೆದಿಡಲು ಒಳಗೆ ಹೋದ ಮೇಲೆ ನಾನು, ಕಂಠಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. ನನಗೆ ಈಜು ಬರುವುದಿಲ್ಲ, ಆವತ್ತೂ ಬರುತ್ತಿರಲಿಲ್ಲ.

"ಅದು ಗೊತ್ತಿತ್ತು" ಎಂದ ದಿನೇಶ. "ಅಲ್ಲಿ ಕಾಲೇಜಿಗೆ ಹೋಗುವ ದಾರಿಯಲ್ಲಿ ಸೇತುವೆ ಇತ್ತಲ್ಲ, ನೀನು ಯಾವಾಗಲೂ ಅದರ ನಡುವಿನಲ್ಲೇ ನಡೀತಿದ್ದಿ. ಬದಿಗೆ ಬರ್ತಿರಲಿಲ್ಲ. ಅದಕ್ಕೇ ನಾನು ಆವತ್ತು ಅಷ್ಟು ಅವಸರದಲ್ಲಿ ಹಾರಿದ್ದು."

ನನಗೆ ಅರ್ಥವಾಗಲಿಲ್ಲ.

"ನನಗೆ ಎಂತ ಧೈರ್ಯ ಮಾರಾಯ? ಕಲ್ಲು ಕಡಿದ ಕೋರೆಯ ನೀರಲ್ಲಿ ಕಲಿತ ಈಜು ನಂದು. ನೀನು ಬೂಟು ಬಿಚ್ಚುವುದು ಕಂಡೆ. ಈ ಹುಚ್ಚು ಮರ್ಲ ಮರ್ಯಾದೆಗೆ ಅಂಜಿ ಹಾರಿಯೇ ಹಾರ್ತಾನೆ, ಆಮೇಲೆ ಇಬ್ಬರನ್ನು ಎಳೀಬೇಕಾಗ್ತದೆ, ನನ್ನಿಂದ ಆಗ್ಲಿಕ್ಕಿಲ್ಲ ಅಂತ ಹೆದರಿದೆ. ನೀನು ಹಾರುವ ಮೊದಲು ಮುಗಿಸುವ ಅಂತ ಹಾರಿದೆ."

ನನ್ನ ಹೇಡಿತನ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅದನ್ನೂ ನಾನೇ ಎತ್ತಿ ತೋರಿಸಬೇಕಾಯಿತು. "ನಾನು ಬಿಚ್ಚಿದ್ದು ಹಾರ್ಲಿಕ್ಕೆ ಅಲ್ಲ ದಿನೇಶ. ತಡ ಮಾಡ್ಲಿಕ್ಕೆ."

"ಅದು ನಿನಗೆ ಹೇಗೆ ಗೊತ್ತು?" ಎಂದ ಅವನು. "ಇನ್ನು ಅರ್ಧ ನಿಮಿಷ ಸಿಕ್ಕಿದ್ರೆ ಹಾರ್ತಿದ್ದಿಯೋ ಏನೋ. ನಾನು ಬಿಡ್ಲಿಲ್ಲ, ಅಷ್ಟೆ."

ಆ ಅರ್ಧ ನಿಮಿಷದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಇನ್ನೂ ವಾದಿಸಿದರೆ ಅದೂ ಒಂದು ಜಂಭವಾದೀತೆಂದು ಸುಮ್ಮನಾದೆ. ನಮ್ಮನ್ನು ನಾವಿರುವುದಕ್ಕಿಂತ ಒಳ್ಳೆಯವರೆಂದು ಒಬ್ಬರು ತಿಳಿದುಕೊಂಡಿದ್ದರೆ ನಾಚಿಕೆಯಾಗುವುದು ಸಹಜ, ಆಗಲೂ ಬೇಕು. ಆದರೆ ನಾಚಿಕೆಯಾಯಿತೆಂದು ಎದ್ದು ಹೋಗಬಾರದು, ಅವರ ಹತ್ತಿರವೇ ಕೂತಿರಬೇಕು. ಒಳಗಿನಿಂದ ಉಮ್ಮ ಊಟಕ್ಕೆ ಕರೆದರು. ನಾನು ಹೋಗಿ ದಿನೇಶನ ಪಕ್ಕದಲ್ಲಿ ಕೂತೆ.