ಮೊದಲ ನೀರಿನ ದಿನ

ಕಂಪೌಂಡಿನ ತಿಮ್ಮಣ್ಣ ಭಾಳ ಒಳ್ಳೆಯ ಮನುಷ್ಯ ಎಂದು ಸುತ್ತಲಿನ ಹಳ್ಳಿಯವರೆಲ್ಲ ಹೇಳುತ್ತಿದ್ದರು. ಹೇಳಲಿ ಬಿಡಿ, ಹೇಳುವವರ ಗಂಟೇನು ಹೋಗುತ್ತದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ತಿಮ್ಮಣ್ಣನ ಮುಖ ಹುಳ್ಳಗಾಗುತ್ತಿತ್ತು. ಅದನ್ನು ಮಾತ್ರ ಯಾರೂ ನೋಡಲಿಲ್ಲ.

ಅಮೀನಗಡದಿಂದ ಗುಡೂರಿಗೆ ಹೋಗುವ ಕಾಲುದಾರಿಯ ಮಗ್ಗುಲಿಗೆ ಆ ಮಿಶನ್ ಕಂಪೌಂಡು. ಒಳಗೆ ಹೆಂಚು ಹೊದಿಸಿದ ಪ್ರಾರ್ಥನಾ ಮಂದಿರ, ಸಭೆಯನ್ನು ನಡೆಸುವ ಅಯ್ಯನವರ ಮನೆ, ಒಂದು ಬಾವಿ, ಇಪ್ಪತ್ತೆರಡು ದಾಳಿಂಬೆ ಗಿಡ, ಮೂಲೆಯಲ್ಲಿ ತೋಟಗಾರ ತಿಮ್ಮಣ್ಣನ ಒಂದೇ ಖೋಲಿಯ ಮನೆ. ಹರೆಯದಲ್ಲಿ ವಿಷಮಜ್ವರ ಬಂದು ಸಾಯಲು ಬಿದ್ದಾಗ ಮಿಶನ್ನಿನವರು ಅವನನ್ನು ಬದುಕಿಸಿದ್ದರು. ಅವನು ಅಲ್ಲಿಯೇ ಉಳಿದ, ಮುಂದೆ ಹೆಂಡತಿ ಲಗಮವ್ವನ ಜೊತೆ ದೀಕ್ಷಾಸ್ನಾನವನ್ನೂ ಪಡೆದ. ಗುಡೂರಿನಲ್ಲಿದ್ದ ತಮ್ಮ ನೀಲಪ್ಪ ತನ್ನ ದೇವರು ಹನುಮಪ್ಪನನ್ನು ಬಿಡಲಿಲ್ಲ, ಅಣ್ಣನನ್ನೂ ಬಿಡಲಿಲ್ಲ. ಸುಗ್ಗಿಯಲ್ಲಿ ಒಂದು ಚೀಲ ಜೋಳ ಬಂಡಿಯಲ್ಲಿ ಹಾಕಿಕೊಂಡು ಬಂದು ಇಳಿಸಿ ಹೋಗುತ್ತಿದ್ದ.

ದಾಳಿಂಬೆಯ ಗುಣ ಸ್ವಲ್ಪ ವಿಚಿತ್ರ. ವರ್ಷವಿಡೀ ನೀರು ಕುಡಿಸಿದರೆ ಹಸಿರೆಲೆ ಬಿಟ್ಟುಕೊಂಡು ಆರಾಮಾಗಿ ನಿಂತಿರುತ್ತದೆ, ಹಣ್ಣು ಮಾತ್ರ ಕೊಡುವುದಿಲ್ಲ. ಡಿಸೆಂಬರ ಬಂತೆಂದರೆ ನೀರು ನಿಲ್ಲಿಸಬೇಕು. ಬುಡದ ಮಣ್ಣು ತೆಗೆದು ಬೇರನ್ನು ಬಿಸಿಲಿಗೆ ಬಿಡಬೇಕು. ನಲವತ್ತು ದಿನದಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರಿ, ನೋಡಿದವರು ಗಿಡ ಸತ್ತೇಹೋಯಿತು ಎನ್ನಬೇಕು. ಆಮೇಲೆ ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ಮೊದಲ ನೀರು ಕೊಡಬೇಕು. ಮೂರು ವಾರದಲ್ಲಿ ಗಿಡದ ತುಂಬ ಕೆಂಪು ಮೊಗ್ಗು. ಇದಕ್ಕೆ ಬಹಾರ ಹಿಡಿಸುವುದು ಎನ್ನುತ್ತಾರೆ. ಆ ಮೊದಲ ನೀರು ಎಲ್ಲ ಗಿಡಕ್ಕೂ ಒಂದೇ ದಿನ ಮುಗಿಯಬೇಕೆಂದು ತಿಮ್ಮಣ್ಣನ ಹಟ. ತಾನು ರಾಟೆಯ ಹಗ್ಗ ಎಳೆಯುವುದು, ಲಗಮವ್ವ ಕೊಡ ಹೊತ್ತು ಬುಡಕ್ಕೆ ಹಾಕುವುದು. ಇಪ್ಪತ್ತು ವರ್ಷ ಹೀಗೆಯೇ ನಡೆದಿತ್ತು.

ಐವತ್ಮೂರನೆಯ ಇಸವಿಯ ಜನವರಿಯಲ್ಲಿ ಆ ದಿನ ಬಂದಾಗ ಲಗಮವ್ವ ಮೂರು ದಿನದಿಂದ ಜ್ವರ ಬಂದು ಮಲಗಿದ್ದಳು. ಬೆಳಿಗ್ಗೆ ಅಮೀನಗಡದ ಮೌಲಾಬಿ ಬಳೆಯ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬಂದಳು. ಗುಡೂರಿನ ಹೆಂಗಸರಿಗೆಲ್ಲ ಬಳೆ ಇಡುವವಳು ಅವಳೇ. ಒಳಗೆ ಹೋಗಿ ಲಗಮವ್ವನ ಹಣೆ ಮುಟ್ಟಿ ನೋಡಿ ಬಾವಿಯ ಹತ್ತಿರ ಬಂದಳು.

"ತಿಮ್ಮಣ್ಣ, ಅಕ್ಕನ ಉಸಿರು ಚಲೋ ಇಲ್ಲ. ಹೆಂಗೂ ಗುಡೂರಿಗೆ ಹೊಂಟೇನಿ, ನೀಲಪ್ಪಗ ಹೇಳ್ತೇನಿ. ಮಧ್ಯಾಹ್ನದೊಳಗ ಬಂಡಿ ತರ್ತಾನ, ಹುನಗುಂದದ ದವಾಖಾನಿಗೆ ಒಯ್ಯಿರಿ."

ತಿಮ್ಮಣ್ಣ ಹಗ್ಗ ಬಿಡದೆಯೇ ಹೇಳಿದ. "ಇವತ್ತ ಮೊದಲ ನೀರು ಐತಿ ಮೌಲಾಬಿ. ನಾಳೆ ಮುಂಜಾನೆ ಬಾ ಅಂತ ಹೇಳು."

"ನಾಳೀಗಾ?"

"ನಾಳೀಗ."

ಅವಳು ಹೋದಳು. ತಿಮ್ಮಣ್ಣ ತಾನೇ ಸೇದಿದ, ತಾನೇ ಹೊತ್ತ. ಕೊನೆಯ ಸಾಲು ಮುಗಿಸಿ ಕೈಕಾಲು ತೊಳೆದುಕೊಂಡು ಒಳಗೆ ಬಂದಾಗ ಸಂಜೆಯಾಗಿತ್ತು. ಲಗಮವ್ವನ ಉಸಿರು ನಿಂತು ಎಷ್ಟು ಹೊತ್ತಾಗಿತ್ತೋ, ಕೈ ಆಗಲೇ ತಣ್ಣಗಾಗಿತ್ತು.

ಮರುದಿನ ಹೊತ್ತು ಹುಟ್ಟುವ ಮೊದಲೇ ನೀಲಪ್ಪ ಬಂಡಿ ಹೊಡೆದುಕೊಂಡು ಬಂದ. ಅತ್ತಿಗೆಗೆ ಮೆತ್ತಗಾಗಲೆಂದು ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿದ್ದ. ಅಂಗಳದಲ್ಲಿ ಜನ ಸೇರಿತ್ತು. ಆ ಕೌದಿಯನ್ನು ನೋಡಿದ ತಿಮ್ಮಣ್ಣನಿಗೆ ಏನಾಯಿತೋ, ಎಲ್ಲರ ಮುಂದೆ ತಮ್ಮನ ಮೇಲೆ ಹರಿಹಾಯ್ದ.

"ನಿನ್ನೇನ ಬಾ ಅಂತ ಹೇಳಿ ಕಳಿಸಿದ್ದೆ. ಇವತ್ತ ಬಂದೀ ಏನಲೇ, ಹೆಣಾ ಒಯ್ಯಾಕ?"

ನೀಲಪ್ಪ ಕಕ್ಕಾಬಿಕ್ಕಿಯಾದ. "ನಾಳೆ ಬಾ ಅಂತ ಹೇಳಿದ್ಲಲ್ಲೋ ಅಣ್ಣಾ, ಮೌಲಾಬಿ."

ಸುದ್ದಿ ತಿಳಿದು ಅಮೀನಗಡದಿಂದ ಬಂದಿದ್ದ ಮೌಲಾಬಿ ಅಲ್ಲೇ ಬೇಲಿಯ ಹತ್ತಿರ ನಿಂತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ತಿಮ್ಮಣ್ಣನನ್ನು ನೋಡಿದಳು. ತಿಮ್ಮಣ್ಣ ನೆಲ ನೋಡಿದ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದು ಮಾತೂ ಆಡದೆ ಹೊರಟುಹೋದಳು.

ಅಷ್ಟೇ. ಒಂದು ಸುಳ್ಳು, ಅದೂ ದುಃಖದ ಭರದಲ್ಲಿ ಬಾಯಿಗೆ ಬಂದದ್ದು. ಸಂಜೆಯೊಳಗೆ ಸರಿಮಾಡಬಹುದಿತ್ತು. ಮಾಡಲಿಲ್ಲ ಆಸಾಮಿ. ಮುತ್ತೈದೆಯ ಸಾವಿಗೆ ಕಾರಣವಾದ ಕೈಯಿಂದ ಬಳೆ ಇಡಿಸಿಕೊಳ್ಳುವುದು ಬೇಡವೆಂದು ಗುಡೂರಿನ ಹೆಂಗಸರು ಮೌಲಾಬಿಗೆ ಬಾಗಿಲು ಮುಚ್ಚಿದರು. ಮೊದಲು ಮುಚ್ಚಿದ್ದು ನೀಲಪ್ಪನ ಹೆಂಡತಿ ಇಂದ್ರವ್ವನದು. ಮೌಲಾಬಿ ದೂರದ ಹಳ್ಳಿಗಳನ್ನು ಹಿಡಿದಳು. ಕಂಪೌಂಡಿನ ಮುಂದಿನ ದಾರಿಯಲ್ಲಿ ಅವಳು ಮತ್ತೆ ಕಾಣಲಿಲ್ಲ.

ತಮ್ಮನಿಗೆ ಮುಖ ತೋರಿಸಲಾರದೆ ತಿಮ್ಮಣ್ಣ ಸಿಟ್ಟಿನ ಸೋಗು ಹಾಕಿದ. ಆ ಸಭೆಯಲ್ಲೊಂದು ಪದ್ಧತಿ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸದ ಪಾತ್ರೆ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ವಾರ ಅಯ್ಯನವರು ಮನೆಮನೆಗೆ ಹೋಗಿ, ಯಾರ ಮೇಲಾದರೂ ಮುನಿಸಿದೆಯೇ ಎಂದು ಕೇಳುವುದು. ಇದ್ದವರು ಅದನ್ನು ಬಗೆಹರಿಸಿಕೊಂಡೇ ರೊಟ್ಟಿ, ಪಾತ್ರೆ ಮುಟ್ಟುವುದು. ಹಳೆಯ ಅಯ್ಯನವರು ಬಂದಾಗಲೆಲ್ಲ ತಿಮ್ಮಣ್ಣ, "ತಮ್ಮನ ಮ್ಯಾಲೆ ಸಿಟ್ಟೈತ್ರಿ," ಎನ್ನುತ್ತಿದ್ದ. ಪಾಪ, ಎಂದು ಅವರು ಹೋಗುತ್ತಿದ್ದರು. ಪಾತ್ರೆ ಬಂದಾಗ ಅವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದ. ಹೀಗೆ ಮೂರು ವರ್ಷದ ಮೇಲಾಯಿತು. ಪ್ರಾರ್ಥನೆಗೆ ಬಾಯಿ ತೆರೆದರೆ ಕಲಿತ ಮಾತು ಬರುತ್ತಿತ್ತು, ಅದರ ಹಿಂದೆ ಏನೂ ಬರುತ್ತಿರಲಿಲ್ಲ. ಎದ್ದರೆ ದಣಿವು, ಕೂತರೆ ದಣಿವು. ಬಹಾರ ಹಿಡಿಸುವುದನ್ನೂ ಬಿಟ್ಟುಬಿಟ್ಟ. ವಾರಕ್ಕೊಮ್ಮೆ ತಪ್ಪದೆ ನೀರು ಹಾಕುತ್ತಿದ್ದ, ಗಿಡಗಳು ಹಸಿರಾಗಿ ಬಂಜೆಯಾಗಿ ನಿಂತಿದ್ದವು.

ಐವತ್ತಾರರ ಮಳೆಗಾಲದಲ್ಲಿ ಹೊಸ ಅಯ್ಯನವರು ಬಂದರು. ಹೆಸರು ರಾಚಯ್ಯ, ಅಜ್ಜನ ಕಾಲಕ್ಕೆ ಕ್ರೈಸ್ತರಾದ ಮನೆತನ. ವಯಸ್ಸು ಮೂವತ್ತು ದಾಟಿರಲಿಲ್ಲ, ಪ್ರಶ್ನೆ ಮಾತ್ರ ಒಂದು ಮುಗಿಯುವುದರೊಳಗೆ ಇನ್ನೊಂದು.

"ಗಿಡಾ ಇಷ್ಟ ಚಂದ ಅದಾವ, ಹಣ್ಣ ಯಾಕಿಲ್ಲ ತಿಮ್ಮಣ್ಣ?"

"ಬಹಾರ ಹಿಡಿಸಿಲ್ರಿ ಅಯ್ಯನೋರ."

"ಯಾಕ?"

"ದಣಿದೇನ್ರಿ."

"ನಾನೂ ಸಲಿಕಿ ಹಿಡೀತೇನಿ. ಈ ಸಲ ಹಿಡಿಸೂಣು," ಎಂದರು ರಾಚಯ್ಯ.

ಡಿಸೆಂಬರದಲ್ಲಿ ಇಬ್ಬರೂ ಕೂಡಿ ಅಗೆದರು. ಅಯ್ಯನವರ ಕೈಯಲ್ಲಿ ಎರಡೇ ದಿನಕ್ಕೆ ಬೊಬ್ಬೆ ಎದ್ದವು, ಉಳಿದದ್ದು ತಿಮ್ಮಣ್ಣನ ಪಾಲಿಗೇ ಬಂತು. ಎಳೆಬೇರು ಬಿಸಿಲಿಗೆ ಬಿದ್ದು ಕಪ್ಪಾದವು, ಎಲೆ ಉದುರಿದವು. ಒಂದು ರವಿವಾರ ರಾಚಯ್ಯ ಫಲ ಕೊಡದ ಅಂಜೂರದ ಗಿಡದ ಕಥೆ ಹೇಳಿದರು. ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ ಎಂದು ಯಜಮಾನನ ಮುಂದೆ ಗೋಗರೆದ ತೋಟಗಾರನ ಕಥೆ. ತಿಮ್ಮಣ್ಣ ಅದನ್ನು ಹತ್ತಾರು ಸಲ ಕೇಳಿದ್ದ. ಆ ದಿನ ಮಾತ್ರ, ಅಗೆಸಿಕೊಳ್ಳುವಾಗ ಆ ಗಿಡಕ್ಕೆ ಎಷ್ಟು ನೋವಾಗಿತ್ತೋ ಎನಿಸಿ ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡ.

ಜನವರಿಯಲ್ಲಿ ಭೋಜನದ ವಾರ ಬಂತು. ಬುಧವಾರ ಮಧ್ಯಾಹ್ನ ರಾಚಯ್ಯ ಬಂದಾಗ ತಿಮ್ಮಣ್ಣ ಗೊಬ್ಬರ ಹಾಕಿ ಮಣ್ಣು ಮುಚ್ಚುತ್ತಿದ್ದ. ಅವರು ಗಿಡದ ಬುಡದಲ್ಲೇ ಕುಕ್ಕರಗಾಲಲ್ಲಿ ಕುಳಿತು, ಯಾರ ಮೇಲಾದರೂ ಸಿಟ್ಟಿದೆಯೇ ಎಂದು ಕೇಳಿದರು. ಹಳೆಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳುವುದಕ್ಕೂ ಇನ್ನು ತ್ರಾಣವಿಲ್ಲ ಎನಿಸಿತು ತಿಮ್ಮಣ್ಣನಿಗೆ.

"ಸಿಟ್ಟಿಲ್ರಿ. ಸುಳ್ಳೈತ್ರಿ," ಎಂದ. ಬಂಡಿಯ ಮಾತು, ಮೌಲಾಬಿಯ ಮಾತು ಎಲ್ಲ ಹೇಳಿದ.

ರಾಚಯ್ಯ ಒಂದು ಹಿಡಿ ಮಣ್ಣು ತೆಗೆದು ಬುಡಕ್ಕೆ ಹಾಕಿದರು. "ನನಗ ಹೇಳಿದ್ದು ಚಲೋ ಆತು. ಆದ್ರ ನೀ ಸುಳ್ಳು ಹೇಳಿದ್ದು ನನ್ನ ಮುಂದ ಅಲ್ಲಲ್ಲ." ಎದ್ದು ಧೂಳು ಕೊಡವಿಕೊಳ್ಳುತ್ತ, "ಮೊದಲ ನೀರು ಯಾವತ್ತು?" ಎಂದರು.

"ನಾಳೆರಿ."

ಅವರು ಹೋದರು. ಗುರುವಾರ ಬೆಳಿಗ್ಗೆ ತಿಮ್ಮಣ್ಣ ಬಾವಿಗೆ ಕೊಡ ಇಳಿಸಲಿಲ್ಲ. ರುಮಾಲು ಸುತ್ತಿಕೊಂಡು ಅಮೀನಗಡಕ್ಕೆ ನಡೆದ.

ಮೌಲಾಬಿ ಹೊಸ್ತಿಲಲ್ಲಿ ಕುಳಿತು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಕಂಡು ಏಳಲಿಲ್ಲ.

"ಗುಡೂರಿಗೆ ಬಾ ನನ್ನ ಜೋಡಿ. ನೀಲಪ್ಪನ ಮುಂದ ಖರೆ ಹೇಳ್ತೇನಿ."

"ಒಂದ್ ವರ್ಷ ಹಾದಿ ನೋಡಿದೆ ತಿಮ್ಮಣ್ಣ. ಎರಡನೇ ವರ್ಷಾನೂ ನೋಡಿದೆ. ಈಗ ನನಗೂ ಸಾಕಾಗೇತಿ."

"ನೀ ಯಾಕ ಅವತ್ತ ಬಾಯಿ ಬಿಡಲಿಲ್ಲ?"

"ಹೆಂಡತಿ ಸತ್ತಾವನ ಜೋಡಿ ಏನ್ ಜಗಳಾಡ್ಲಿ? ನಾಳೆ ನೀನ ಹೇಳ್ತೀ ಅಂತ ತಿಳಕೊಂಡೆ."

ತಿಮ್ಮಣ್ಣ ಬಾಗಿಲಲ್ಲಿ ನಿಂತೇ ಇದ್ದ. ಅವಳು ಕೊನೆಗೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಬಳೆಯ ಬುಟ್ಟಿ ತಲೆಗೇರಿಸಿದಳು. ಅವಳು ತಲೆ ತಿರುಗಿಸದೆ ಮುಂದೆ ನಡೆದಳು, ಅವನು ಹಿಂದೆ. ಕಂಪೌಂಡು ದಾಟುವಾಗ ಮಾತ್ರ ಅವಳು ಬೋಳು ಗಿಡಗಳ ಕಡೆ ಒಮ್ಮೆ ನೋಡಿದಳು.

ನೀಲಪ್ಪ ಅಂಗಳದಲ್ಲಿ ಬಂಡಿಯ ಅಚ್ಚಿಗೆ ಎಣ್ಣೆ ಹಚ್ಚುತ್ತಿದ್ದ. ಇಂದ್ರವ್ವ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದಳು. ತಿಮ್ಮಣ್ಣ ಒಳಗೆ ಹೋಗಲಿಲ್ಲ. ಅಕ್ಕಪಕ್ಕದ ಮನೆಯವರಿಗೂ ಕೇಳಲೆಂದು ಅಂಗಳದಲ್ಲೇ ನಿಂತು ಹೇಳಿದ.

"ನಾಳೆ ಬಾ ಅಂತ ಹೇಳಿ ಕಳಿಸಿದಾವ ನಾನು. ಮೌಲಾಬಿ ನಾ ಹೇಳಿದ್ದನ್ನ ಹೇಳಿದ್ಲು. ನೀನೂ ಹೇಳಿದ ಹೊತ್ತಿಗೆ ಬಂದಿ. ಅವತ್ತ ಗಿಡಕ್ಕ ಮೊದಲ ನೀರು ಹಾಕೂದು ಇತ್ತು, ಅದಕ್ಕ. ಇವತ್ತೂ ಅದ ದಿನ, ಬಿಟ್ಟು ಬಂದೇನಿ."

ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಇಂದ್ರವ್ವ ಮೊರವನ್ನು ಪಕ್ಕಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಯಿಂದಿಳಿದು ಬಂದು, ಮೌಲಾಬಿಯ ಮುಂದೆ ನೆಲದ ಮೇಲೆ ಕುಳಿತು ಎರಡೂ ಕೈ ಚಾಚಿದಳು.

"ಹಸರ ಬಳಿ ಇಡು ಮೌಲಾಬಿ. ಕೈ ತುಂಬ ಇಡು."

ಮೌಲಾಬಿ ಬುಟ್ಟಿ ಇಳಿಸಿದಳು. ಇಂದ್ರವ್ವನ ಕೈಯನ್ನು ಹಿಡಿದು ಹಿಸುಕಿ ಮೆತ್ತಗೆ ಮಾಡುವಾಗ ಅವಳ ಕಣ್ಣು ಮಂಜಾಗಿ, ಮೊದಲನೆಯ ಬಳೆ ಒಡೆಯಿತು.

ನೀಲಪ್ಪ ಅಣ್ಣನ ಮುಖ ನೋಡಲೇ ಇಲ್ಲ. ಎತ್ತು ಬಿಚ್ಚಿ ತಂದು ಬಂಡಿ ಕಟ್ಟಿದ.

"ಹತ್ತು," ಎಂದ.

"ಎಲ್ಲಿಗೆ?"

"ಇವತ್ತ ನೀರ ಹಾಕಿಲ್ಲಲ್ಲ? ನಾ ನಿನ್ನ ಕ್ಷಮಾ ಮಾಡೇನಿ ಅಂತ ತಿಳೀಬ್ಯಾಡ. ಹತ್ತು, ಹೊತ್ತಾಗತೈತಿ."

ಕಂಪೌಂಡು ಮುಟ್ಟಿದಾಗ ಮಧ್ಯಾಹ್ನ ತಿರುಗಿತ್ತು. ನೀಲಪ್ಪ ಹಗ್ಗ ಹಿಡಿದ. ತಿಮ್ಮಣ್ಣ ಲಗಮವ್ವ ಹೊರುತ್ತಿದ್ದ ಕೊಡ ಹೊತ್ತ. ಹೊತ್ತು ಮುಳುಗುವ ವೇಳೆಗೆ ಹನ್ನೆರಡು ಗಿಡ ಮುಗಿದಿದ್ದವು. ಉಳಿದವು ನಾಳೆಗೆ ಹೋಗುವುದು ಖಂಡಿತ. ಹೂವು ಹಿಂದುಮುಂದಾದರೆ ಆಗಲಿ ಎಂದುಕೊಂಡ ತಿಮ್ಮಣ್ಣ. ರವಿವಾರದ ಭೋಜನಕ್ಕೆ ಇನ್ನೂ ಎರಡು ದಿನವಿತ್ತು.

ಕೊಡ ಮೇಲೆ ಬರುವಾಗ ನೀಲಪ್ಪ ಹಗ್ಗವನ್ನು ಹಾಗೇ ಹಿಡಿದು ನಿಂತು ಅತ್ತಿಗೆಯ ಮಾತೆತ್ತಿದ. "ಅವತ್ತ ವೈನಿ ಏನರ ಅಂದ್ಲೇನು?"

ತಿಮ್ಮಣ್ಣ ಈ ಮಾತನ್ನು ಅಯ್ಯನವರಿಗೂ ಹೇಳಿರಲಿಲ್ಲ. ದೇವರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

"ಎರಡ ಸಲ ಕರದ್ಲು," ಎಂದ. "ಬಂದೆ ಬಂದೆ ಅಂದೆ. ಹೋಗಲಿಲ್ಲ."

ಹೇಳಿದವನು ಬಾವಿಯ ಕಟ್ಟೆ ಹಿಡಿದುಕೊಂಡ. ನೀಲಪ್ಪ ಕೊಡವನ್ನು ಮೇಲೆಳೆದ. ಅದನ್ನು ಅವನ ಕೈಗೆ ಕೊಡದೆ ತಾನೇ ಹೆಗಲಿಗಿಟ್ಟುಕೊಂಡ.

"ನೀ ಸ್ವಲ್ಪ ಕುಂದ್ರು ಅಣ್ಣಾ," ಎಂದು ಹೇಳಿ ಹದಿಮೂರನೆಯ ಗಿಡದ ಕಡೆ ನಡೆದ.