ಸಾರಿನ ಮೇಲೆ ಬಂದ ಅಪವಾದ

ಜಪಾನಿನ ಮಾರುಗಾಮೆ ಊರಿನಲ್ಲಿ ಬೆಳಗ್ಗೆ ಆರೂ ಹತ್ತರ ಬಸ್ಸು ಹತ್ತುವವರಿಗೆಲ್ಲ ಮನಾಬೆ ಚಿಜುರು ಗೊತ್ತು. ಐವತ್ತೊಂದು ವರ್ಷ, ಗುಂಡನೆಯ ಮೈ, ಮೈಕಿಲ್ಲದೆಯೇ ಹಿಂದಿನ ಸೀಟಿನವರೆಗೆ ಮುಟ್ಟುವ ಗಂಟಲು. ಹತ್ತೊಂಬತ್ತು ವರ್ಷದ ಹಿಂದೆ ಆ ಡಿಪೋದಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಂಗಸು ಅವಳು. ಆರು ತಿಂಗಳು ತಡೆದರೆ ಹೆಚ್ಚು ಎಂದು ಅಂದು ನಕ್ಕಿದ್ದ ಗಂಡಸರಲ್ಲಿ ಮೂವರು ಈಗ ನಿವೃತ್ತರಾಗಿ ಅವಳದೇ ಬಸ್ಸಿನಲ್ಲಿ ಮಂಡಿನೋವಿಗೆ ಆಸ್ಪತ್ರೆಗೆ ಹೋಗುತ್ತಿದ್ದರು. ಅವರು ಹತ್ತುವಾಗ "ಹುಷಾರು ತಾತಾ, ಮೆಟ್ಟಿಲಿದೆ!" ಎಂದು ಬೇಕೆಂದೇ ಕೂಗುತ್ತಿದ್ದಳು. ಆ ಸೀಟೆಂದರೆ ಅವಳಿಗೆ ಅಷ್ಟು ಜೀವ.

ಆ ಸೀಟಿಗೇ ಕುತ್ತು ಬಂತು. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ರಕ್ತದ ಸಕ್ಕರೆ ಮಿತಿ ಮೀರಿತ್ತು. ಬೆಳಗಿನ ಹಾಜರಿ ತೆಗೆದುಕೊಳ್ಳುವ ಅನಾಬುಕಿ, ಕನ್ನಡಕದ ಮೇಲಿಂದ ನೋಡುತ್ತ ಓದಿ ಹೇಳಿದ: "ಮೂರು ತಿಂಗಳು ಟೈಮು, ಮನಾಬೆ-ಸಾನ್. ಇಳೀದಿದ್ರೆ ಬಸ್ಸಿಲ್ಲ, ಪಾಸ್ ಕೌಂಟರು."

ಕೌಂಟರಿನಲ್ಲಿ ಕೂತು ಶಾಲೆ ಮಕ್ಕಳ ಪಾಸಿಗೆ ಮುದ್ರೆ ಒತ್ತುವುದೇ? ಅದಕ್ಕಿಂತ ಉಪವಾಸ ಸಾಯುವುದು ಮೇಲೆನಿಸಿತು ಅವಳಿಗೆ. ತಲೆಗೂದಲು ಕತ್ತರಿಸುವ ಹಿಸಾನೊ ಬಳಿ ನೆಟ್ಟಗೆ ಹೋದಳು. ಹಿಸಾನೊ ಹೋದ ವರ್ಷ ಹನ್ನೊಂದು ಕಿಲೋ ಇಳಿಸಿ, ಕನ್ನಡಿ ಕಂಡಲ್ಲೆಲ್ಲ ನಿಲ್ಲುವ ಚಾಳಿ ಹಚ್ಚಿಕೊಂಡಿದ್ದಳು.

"ಕೀಟೊ ಮಾಡು. ಅನ್ನ ಬಿಡು, ಬ್ರೆಡ್ ಬಿಡು, ಸಿಹಿ ಬಿಡು. ಮೊಟ್ಟೆ, ಮೀನು, ಮಾಂಸ, ಬೆಣ್ಣೆ, ಎಷ್ಟು ಬೇಕಾದ್ರೂ ತಿನ್ನು."

"ಇಷ್ಟೇನಾ?"

"ಉದೊನ್ ಕೂಡ ಬಿಡ್ಬೇಕು ಕಣೇ."

ಅಂಗಡಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಆ ಸೀಮೆಯಲ್ಲಿ ಉದೊನ್ ಬಿಡುವುದೆಂದರೆ ಊರು ಬಿಟ್ಟ ಹಾಗೆ. ಚಿಜುರು ಪಾಲಿಗಂತೂ ಮನೆ ಬಿಟ್ಟ ಹಾಗೆ, ಏಕೆಂದರೆ ಅವಳ ಗಂಡ ಗೆಂಜೊ ಮೂರು ತಲೆಮಾರಿನ ಉದೊನ್ ಅಂಗಡಿಯವನು. ನಸುಕಿನಲ್ಲೇ ಎದ್ದು ಗೋಧಿ ಹಿಟ್ಟನ್ನು ಕಾಲಿನಿಂದ ತುಳಿದು, ಲಟ್ಟಿಸಿ, ದಪ್ಪ ಎಳೆಗಳಾಗಿ ಕತ್ತರಿಸಿ, ಒಣಮೀನಿನ ಸಾರಿನಲ್ಲಿ ಬಡಿಸುವುದೇ ಅವನ ಬಾಳು. ಮಾತು ಕಮ್ಮಿ, ಮೂಗಿನ ತುದಿಯಲ್ಲೇ ಕೋಪ.

"ಇಪ್ಪತ್ತಾರು ವರ್ಷ ನನ್ನ ಉದೊನ್ ತಿಂದು ದುಂಡಗಾಗಿದ್ದೀಯ. ಈಗ ಅದು ವಿಷ ಆಯ್ತೇನು?" ಎಂದ.

"ದುಂಡಗಾದದ್ದೇ ಕಷ್ಟ ಆಗಿರೋದು ಮಾರಾಯಾ!"

ಗೆಂಜೊ ಮುಖ ಊದಿಸಿಕೊಂಡು ಹಿಟ್ಟು ತುಳಿಯಲು ಹೋದ. ಅವತ್ತು ತುಸು ಜೋರಾಗಿಯೇ ತುಳಿದ.

ಚಿಜುರು ಐದು ದಿನ ರಜೆ ಹಾಕಿ ಶುರುಮಾಡಿದಳು. ಮೊದಲ ದಿನ ಹಬ್ಬ. ಬೆಣ್ಣೆಯಲ್ಲಿ ಹುರಿದ ಮೊಟ್ಟೆ, ಹಂದಿಮಾಂಸ, ಮತ್ತೆ ಬೆಣ್ಣೆ. ಇಷ್ಟು ಸುಖದ ಪಥ್ಯ ಮೊದಲೇ ಯಾರೂ ಹೇಳಲಿಲ್ಲವಲ್ಲ ಎಂದುಕೊಂಡಳು. ಎರಡನೇ ದಿನ ತಲೆ ಸಿಡಿಯತೊಡಗಿತು. ಮೂರನೇ ದಿನ ಎದ್ದು ನಿಂತರೆ ಮನೆ ಗಿರ್ರನೆ ತಿರುಗುತ್ತಿತ್ತು, ಕೂತರೆ ಯಾರ ಮೇಲಾದರೂ ಹರಿಹಾಯಬೇಕು ಅನ್ನಿಸುತ್ತಿತ್ತು. ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿಯ ಮೇಲೂ ರೇಗಿದಳು. ಹೊಟ್ಟೆಯಂತೂ ಮುಷ್ಕರ ಹೂಡಿದವರ ಹಾಗೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾಲ್ಕನೇ ದಿನ ಬೆಳಗಿನ ಜಾವ ಮೀನಖಂಡ ಹಿಡಿದುಕೊಂಡು, ಅವಳು ಅಯ್ಯಯ್ಯೋ ಎಂದು ಕೂಗಿದ್ದಕ್ಕೆ ಗೆಂಜೊ ಮೈಯೆಲ್ಲ ಹಿಟ್ಟು ಮಾಡಿಕೊಂಡು ಕೆಳಗಿನ ಅಂಗಡಿಯಿಂದ ಓಡಿಬಂದ. ಕಾಲು ತಿಕ್ಕಿದ. "ಒಂದೇ ಒಂದು ಎಳೆ ತಿನ್ನು, ಸರಿಹೋಗುತ್ತೆ" ಎಂದ.

"ನನ್ನ ಕಣ್ಮುಂದೆ ಆ ಹೆಸರು ಎತ್ಬೇಡ!" ಎಂದು ಅವಳು ಅತ್ತೇಬಿಟ್ಟಳು. ಕೆಳಗಿನಿಂದ ಬರುತ್ತಿದ್ದ ಪರಿಮಳಕ್ಕೆ ಬಾಯಲ್ಲಿ ನೀರೂರುತ್ತಿತ್ತು, ಅದಕ್ಕೇ ಹೆಚ್ಚು ಅಳು.

ಹಿಸಾನೊಗೆ ಫೋನು ಮಾಡಿದರೆ ಅವಳು ನಕ್ಕಳು. "ಅದೆಲ್ಲ ಶುರುವಿನಲ್ಲಿ ಇದ್ದದ್ದೇ. ಮೈಯಿಂದ ನೀರಿನ ಜೊತೆ ಉಪ್ಪೂ ಹೋಗಿರುತ್ತೆ. ಉಪ್ಪಿನ ಸಾರು ಏನಾದ್ರೂ ಕುಡಿ."

ಉಪ್ಪಿನ ಸಾರು! ಅದು ಕೆಳಗೇ ಹಂಡೆಗಟ್ಟಲೆ ಕುದಿಯುತ್ತಿತ್ತು. ಎಳೆ ಹಾಕದ ಬರೀ ಸಾರನ್ನು ಚಿಜುರು ದಿನಕ್ಕೆ ಮೂರು ಬಟ್ಟಲು ಕುಡಿದಳು. ಒಂದೇ ದಿನದಲ್ಲಿ ತಲೆ ಹಗುರಾಯಿತು, ಕಾಲು ಸಡಿಲಾಯಿತು. ಗೆಂಜೊಗೂ ಸ್ವಲ್ಪ ಸಮಾಧಾನ. ತನ್ನದೇನೋ ಒಂದು ಇನ್ನೂ ಅವಳ ಹೊಟ್ಟೆಗೆ ಹೋಗುತ್ತಿದೆಯಲ್ಲ ಎಂದು ಬಟ್ಟಲನ್ನು ಕಂಠಮಟ್ಟ ತುಂಬಿಸುತ್ತಿದ್ದ.

ಶನಿವಾರ ಅವಳು ಕೆಲಸಕ್ಕೆ ಮರಳಿದಳು. ಎರಡು ಕಿಲೋ ಇಳಿದಿದ್ದಳು, ಸಮವಸ್ತ್ರದ ಗುಂಡಿ ಸಲೀಸಾಗಿ ಸೇರಿತ್ತು. ಬಸ್ಸಿನ ಕೀಲಿ ಕೊಡುವ ಮೊದಲು ಪ್ರತಿಯೊಬ್ಬ ಚಾಲಕನೂ ಅನಾಬುಕಿಯ ಮುಂದೆ ಒಂದು ಯಂತ್ರಕ್ಕೆ ಊದಬೇಕು. ಕುಡಿದಿದ್ದರೆ ಅದು ಹೇಳುತ್ತದೆ. ಹತ್ತೊಂಬತ್ತು ವರ್ಷದಿಂದ ಅವಳು ಊದಿದ್ದಕ್ಕೆಲ್ಲ ಸೊನ್ನೆ ಬಿಟ್ಟು ಬೇರೆ ಅಂಕಿ ಬಂದದ್ದಿಲ್ಲ.

ಊದಿದಳು. ಯಂತ್ರ ಕಿರ್ರೆಂದು ಕೆಂಪು ದೀಪ ಹಾಕಿತು.

"ಬಾಯಿ ತೊಳ್ಕೊಂಡು ಬನ್ನಿ" ಎಂದ ಅನಾಬುಕಿ. ತೊಳೆದು ಬಂದು ಊದಿದಳು. ಮತ್ತೆ ಕೆಂಪು.

"ನಾನು ಕುಡಿದಿಲ್ಲ, ಅನಾಬುಕಿ-ಸಾನ್!"

"ನಾನು ಕುಡಿದಿದ್ದೀರಿ ಅಂತ ಹೇಳ್ತಿಲ್ಲ. ಯಂತ್ರ ಹೇಳ್ತಿದೆ." ಅನಾಬುಕಿ ಕೆಟ್ಟವನಲ್ಲ, ಆದರೆ ನಿಯಮ ಎಂದರೆ ಅವನಿಗೆ ಪ್ರಾಣ. "ಇವತ್ತು ಬಸ್ಸಿಲ್ಲ. ಶುಕ್ರವಾರ ಮುಖ್ಯ ಕಚೇರಿಯಿಂದ ಸಾಹೇಬ್ರು ಬರ್ತಾರೆ. ಅವರ ಮುಂದೆ ಊದಿ. ಆವತ್ತೂ ಕೆಂಪು ಬಂದ್ರೆ ನನ್ನ ಕೈಲಿ ಏನೂ ಇಲ್ಲ. ಆ ಸೀಟು ಮರೆತುಬಿಡಿ."

ಅವಳ ಕೈಗೆ ಬಂದದ್ದು ಬಸ್ಸಿನ ಕೀಲಿಯಲ್ಲ, ಪ್ರಯಾಣಿಕರು ಮರೆತುಹೋದ ಕೊಡೆಗಳನ್ನು ಒರೆಸಿ ಜೋಡಿಸುವ ಕೆಲಸ. ಮಧ್ಯಾಹ್ನದ ಹೊತ್ತಿಗೆ "ಮನಾಬೆ ಕುಡಿದು ಬಂದಿದ್ಲಂತೆ" ಎಂಬ ಪಿಸುಮಾತು ಡಿಪೋ ದಾಟಿ ಮೀನಿನ ಅಂಗಡಿ ಮುಟ್ಟಿತ್ತು.

ಕೊಡೆ ಒರೆಸುತ್ತ ಒರೆಸುತ್ತ ಯೋಚಿಸಿದಳು. ಮೊಟ್ಟೆಯಲ್ಲಿ ಮದ್ಯ ಇರುವುದಿಲ್ಲ. ಬೆಣ್ಣೆಯಲ್ಲಿ ಇರುವುದಿಲ್ಲ. ಹಾಗಾದರೆ? ಮೂರು ಬಟ್ಟಲು ಸಾರು! ಎಷ್ಟೋ ಅಂಗಡಿಯವರು ರುಚಿಗೆಂದು ಸಾರಿಗೆ ಮಿರಿನ್ ಸುರಿಯುತ್ತಾರೆ. ಅಡುಗೆಗೆ ಹಾಕುವ ಸಿಹಿ ಮದ್ಯ ಅದು. ಮನೆಗೆ ಬಂದವಳೇ ಚಪ್ಪಲಿಯನ್ನೂ ನೆಟ್ಟಗೆ ಬಿಡದೆ ಶುರುಮಾಡಿದಳು.

"ಸಾರಿಗೆ ಮಿರಿನ್ ಹಾಕಿದ್ದೀಯಾ?"

ಗೆಂಜೊನ ಕೈಯಲ್ಲಿದ್ದ ಸೌಟು ನಿಂತಿತು. "ಏನಂದೆ?"

"ನಿಜ ಹೇಳು. ನನ್ನ ಪಥ್ಯ ಕೆಡಿಸೋಕೆ ಹಾಕಿದ್ದೀಯಾ?"

"ನಮ್ಮಜ್ಜನ ಕಾಲದಿಂದ ಒಣಮೀನು, ಉಪ್ಪು, ಸೋಯಾ, ಮೂರೇ. ಮಿರಿನ್ ಹಾಕೋದು ಸಾರು ಮಾಡೋಕೆ ಬರದವರು. ಹಾಕಿದ್ರೂ ಅಷ್ಟು ಹೊತ್ತು ಕುದ್ದ ಮೇಲೆ ಮದ್ಯ ಎಲ್ಲ ಹಾರಿಹೋಗುತ್ತೆ."

"ನೋಡಿದ್ಯಾ! ಹಾಗಾದ್ರೆ ಹಾಕಿದ್ದೀಯ!"

ಬೈದಿದ್ದರೆ ಸರಿಯಿತ್ತು. ಗೆಂಜೊ ಬೈಯಲಿಲ್ಲ. ಸೌಟನ್ನು ಕೆಳಗಿಟ್ಟು, ಹಂಡೆಯ ಮುಚ್ಚಳ ಮುಚ್ಚಿ, "ನನ್ನ ಸಾರಿಗೆ..." ಎಂದಷ್ಟೇ ಹೇಳಿ ಹಿತ್ತಲಿಗೆ ಹೋದ. ಆ ಕ್ಷಣದಿಂದ ಬಾಯಿಗೆ ಬೀಗ.

ಚಿಜುರು ಅಂದಿನಿಂದ ಸಾರು ಮುಟ್ಟಲಿಲ್ಲ. ಪಥ್ಯ ಮಾತ್ರ ಬಿಡಲಿಲ್ಲ, ಸಕ್ಕರೆ ಇಳಿಯದಿದ್ದರೂ ಸೀಟು ಹೋಗುತ್ತದಲ್ಲ. ತಲೆನೋವಿಗೆ ಉಪ್ಪುನೀರು ಕುಡಿದು ಮುಖ ಕಿವುಚಿದಳು. ಆ ವಾರವಿಡೀ ಮನೆ ಮೋಡ ಕಟ್ಟಿದ ಹಾಗಿತ್ತು. ಗೆಂಜೊನ ಸಿಟ್ಟು ಇಳಿಯುವ ಲಕ್ಷಣವೇ ಕಾಣಲಿಲ್ಲ. ಬಾಗಿಲ ಮೂಲೆಯಲ್ಲಿ ತಲೆ ಹಿಡಿದುಕೊಂಡು ಕೂರುತ್ತಿದ್ದ. ಉದೊನಿಗೆ ಉಪ್ಪು ಹೆಚ್ಚೆಂದ ಹಳೇ ಗಿರಾಕಿಗೆ "ಹಾಗಾದ್ರೆ ಮನೇಲಿ ತಿನ್ನು ಹೋಗು" ಎಂದುಬಿಟ್ಟ. ಅದರ ಮೇಲೆ ಫ್ರಿಜ್ಜಿನ ಮೊಟ್ಟೆಗಳು ಬೇಗಬೇಗ ಖಾಲಿಯಾಗುತ್ತಿದ್ದವು. ಮೊಟ್ಟೆಯವನು ಕಮ್ಮಿ ಕೊಟ್ಟಿದ್ದಾನೆಂದು ಚಿಜುರು ಅವನ ಜೊತೆಯೂ ಕಾಲು ಕೆದರಿ ಜಗಳವಾಡಿ ಬಂದಳು. ಹೊಟ್ಟೆಗೆ ಹಿಟ್ಟಿಲ್ಲದವಳ ಜೊತೆ ಯಾರು ವಾದ ಮಾಡುತ್ತಾರೆ ಹೇಳಿ, ಅವನು ನಾಲ್ಕು ಮೊಟ್ಟೆ ಪುಕ್ಕಟೆ ಕೊಟ್ಟು ಕಳಿಸಿದ.

ಶುಕ್ರವಾರ ಬಂತು. ಮುಖ್ಯ ಕಚೇರಿಯ ಸಾಹೇಬರು ತೆಳ್ಳನೆಯ ಮನುಷ್ಯ, ಕೈಯಲ್ಲೊಂದು ಕಪ್ಪು ಕಡತ. ಚಾಲಕರೆಲ್ಲ ಏನೋ ಕೆಲಸವಿದ್ದಂತೆ ನಟಿಸುತ್ತ ಅಲ್ಲೇ ಸುಳಿದಾಡುತ್ತಿದ್ದರು. ಚಿಜುರು ಧೈರ್ಯವಾಗಿಯೇ ಇದ್ದಳು. ಆರು ದಿನದಿಂದ ಒಂದು ಹನಿ ಸಾರು ಕುಡಿದಿಲ್ಲ, ಇನ್ನೇನು ಭಯ? ಎದೆ ತುಂಬ ಉಸಿರೆಳೆದು ಊದಿದಳು.

ಕಿರ್ರ್! ಕೆಂಪು. ಹೋದ ಸಲಕ್ಕಿಂತ ಅಂಕಿಯೂ ಹೆಚ್ಚು.

ಹತ್ತೊಂಬತ್ತು ವರ್ಷ ಹೀಗೆ ಮುಗಿಯಿತೇ, ಕುಡುಕಿ ಅನ್ನಿಸಿಕೊಂಡು? ಚಿಜುರು ಬಾಯಿ ತೆರೆದಳು, ಜೀವನದಲ್ಲಿ ಮೊದಲ ಸಲ ಗಂಟಲು ಹೊರಡಲಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ಸ್ವಲ್ಪ ತಡೀರಿ."

ಬಾಗಿಲಲ್ಲಿ ಗೆಂಜೊ ನಿಂತಿದ್ದ. ಏಪ್ರನ್ನು, ರಬ್ಬರ್ ಬೂಟು, ಹಿಟ್ಟಿನ ಕೈ. ಸೈಕಲ್ ತುಳಿದುಕೊಂಡು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ, ಒಂದು ಕಾಲು ಬೇರೆ ಎಳೆಯುತ್ತಿದ್ದ. ಅಂಗಡಿ ತುಂಬಿರುವ ಹೊತ್ತಿನಲ್ಲಿ ಗೆಂಜೊ ಹೊರಬಿದ್ದದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ.

"ಆ ಯಂತ್ರ ಇತ್ಲಾಗೆ ಕೊಡಿ. ನಾನೂ ಊದ್ತೀನಿ."

"ನೀವು ಚಾಲಕರಲ್ಲ" ಎಂದರು ಸಾಹೇಬರು.

"ಕೊಡಿ ಸಾರ್" ಎಂದ ಅನಾಬುಕಿ, ಎಲ್ಲರಿಗೂ ಆಶ್ಚರ್ಯವಾಗುವಂತೆ. ನಿಯಮ ಮೀರಿ ಅವನು ಆಡಿದ ಮೊದಲ ಮಾತು ಅದೇ ಇರಬೇಕು. "ಈ ಮನುಷ್ಯನ ಮದುವೆಗೆ ನಾನು ಹೋಗಿದ್ದೆ. ಶಾಸ್ತ್ರಕ್ಕೆ ಕೊಡೋ ಸಾಕೆ ಮದ್ಯ ಮೂರು ಗುಟುಕು ಕುಡಿದಿದ್ದಕ್ಕೆ ಅರ್ಚಕರ ಮಡಿಲಿಗೇ ಬಿದ್ದ. ಕುಡಿತಕ್ಕೂ ಇವನಿಗೂ ಆಗಿಬರಲ್ಲ, ಊರಿಗೇ ಗೊತ್ತು."

ಗೆಂಜೊ ಊದಿದ. ಕಿರ್ರ್! ಕೆಂಪು.

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ಯಂತ್ರವನ್ನು ತಿರುಗಿಸಿ ನೋಡಿದರು, ತಾವೇ ಊದಿದರು. ಸೊನ್ನೆ.

"ಏನು ಕುಡಿದಿದ್ದೀರಿ ನೀವು?"

"ಏನೂ ಇಲ್ಲ. ಆರು ದಿನದಿಂದ ಇವಳು ತಿನ್ನೋದನ್ನೇ ತಿಂದಿದ್ದೀನಿ. ಮೊಟ್ಟೆ, ಮಾಂಸ, ಬೆಣ್ಣೆ. ಅನ್ನ ಇಲ್ಲ, ಉದೊನ್ ಇಲ್ಲ. ಸಾರು ಕೂಡ ಮುಟ್ಟಿಲ್ಲ." ಕೊನೆಯ ಮಾತನ್ನು ಸಾಹೇಬರಿಗಲ್ಲ, ಚಿಜುರು ಕಡೆ ನೋಡಿ ಹೇಳಿದ.

ಆಮೇಲಿನದು ಬೇಗ ಮುಗಿಯಿತು. ಸಾಹೇಬರು ಪೆನ್ನು ಮುಚ್ಚಿ ಇಬ್ಬರನ್ನೂ ಕಂಪನಿಯ ವೈದ್ಯರ ಬಳಿ ರಕ್ತ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಮದ್ಯದ ಸುಳಿವೂ ಇರಲಿಲ್ಲ. ಹಿಟ್ಟು, ಸಕ್ಕರೆ ಪೂರ್ತಿ ನಿಂತಾಗ ಮೈ ಕೊಬ್ಬನ್ನು ಉರಿಸುತ್ತದೆ, ಆಗ ಉಸಿರಿನಲ್ಲಿ ಬರುವ ವಾಸನೆಗೆ ಇಂಥ ಹಳೇ ಯಂತ್ರಗಳು ಮೋಸಹೋಗುವುದುಂಟು ಎಂದರು ವೈದ್ಯರು. ಆಮೇಲೆ ಚೆನ್ನಾಗಿ ಬೈದರು. ಕೂದಲು ಕತ್ತರಿಸುವವಳ ಮಾತು ಕೇಳಿ ಇಂಥದ್ದಕ್ಕೆ ಕೈಹಾಕುವುದೇ, ತಲೆ ತಿರುಗುವಾಗ ಬಸ್ಸು ಓಡಿಸಿದ್ದರೆ ಗತಿಯೇನು? ಇನ್ನು ಮೇಲೆ ತಾವು ಹೇಳಿದಷ್ಟು, ಅಳತೆಯಲ್ಲಿ ಅನ್ನವನ್ನೋ ಉದೊನನ್ನೋ ತಿನ್ನಬೇಕು, ವಾರಕ್ಕೊಮ್ಮೆ ಬಂದು ತೋರಿಸಬೇಕು. ಡಿಪೋಗೆ ಅವರೇ ಫೋನು ಮಾಡಿದರು. ಸೋಮವಾರ ಆರೂ ಹತ್ತರ ಬಸ್ಸು ಅವಳದೇ.

ವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಗೆಂಜೊ ಮೀನಖಂಡ ತಿಕ್ಕಿಕೊಳ್ಳುತ್ತ ಕೂತಿದ್ದ. ಚಿಜುರು ಪಕ್ಕದಲ್ಲಿ ಕೂತಳು. ತಲೆ ಹಿಡಿದು ಕೂತದ್ದು, ಗಿರಾಕಿಯ ಮೇಲೆ ರೇಗಿದ್ದು, ಮೊಟ್ಟೆ ಖಾಲಿಯಾದದ್ದು, ಎಲ್ಲ ಈಗ ಅವಳಿಗೆ ತಿಳಿಯಿತು.

"ಸಾರಿನ ಮಾನ ಉಳಿಸೋಕೆ ಮಾಡಿದ್ಯಾ?"

"ಹ್ಞೂಂ."

"ಅಷ್ಟೇನಾ?"

ಗೆಂಜೊ ಕಾಲು ತಿಕ್ಕುತ್ತಲೇ ಹೇಳಿದ: "ಶುಕ್ರವಾರದ ವಿಷಯ ಎಲ್ಲ ಮೀನಿನ ಅಂಗಡೀಲಿ ಕೇಳಿದೆ. ಕುಡಿದಿಲ್ಲ ಅಂತ ನೀನು ಹೇಳಿದ್ಯಂತೆ. ಹಾಗಂದ ಮೇಲೆ ಕುಡಿದಿಲ್ಲ. ಮಿರಿನ್ ಹಾಕಿಲ್ಲ ಅಂತ ನನಗೆ ಗೊತ್ತು. ಇನ್ನು ಉಳಿದಿದ್ದೇನು? ನೀನು ತಿನ್ನೋ ಆ ಊಟ ತಾನೇ? ತಿಂದು ನೋಡಿದೆ."

ಅವಳ ಒಂದು ಮಾತನ್ನು ಅವನು ಮರುಪ್ರಶ್ನೆ ಇಲ್ಲದೆ ನಂಬಿದ್ದ. ಅವನ ಮಾತನ್ನು ಅವಳು ನಂಬಿರಲಿಲ್ಲ. ಇಪ್ಪತ್ತಾರು ವರ್ಷ ಸುಳ್ಳು ಹೇಳದ ಗಂಡನಿಗಿಂತ ಒಂದು ಡಬ್ಬಿಯ ಕೆಂಪು ದೀಪ ಅವಳಿಗೆ ಹೆಚ್ಚಾಗಿತ್ತು.

"ತಪ್ಪಾಯ್ತು ಕಣೋ, ಗೆಂಜೊ" ಎಂದಳು. ಗಂಟಲು ಮರಳಿತ್ತು. ಆಸ್ಪತ್ರೆಯ ಆ ತುದಿಯಲ್ಲಿದ್ದ ನರ್ಸು ಕೂಡ ತಿರುಗಿ ನೋಡಿದಳು.

"ಮೆತ್ತಗೆ ಹೇಳೇ, ಮಾನ ಹೋಗುತ್ತೆ."

"ಹೋಗ್ಲಿ. ತಪ್ಪಾಯ್ತು!" ಇನ್ನೂ ಜೋರಾಗಿ ಹೇಳಿದಳು. ಅವನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಬೂಟು ಕಳಚಿ, ಎಲ್ಲರೆದುರೂ ಮೀನಖಂಡ ತಿಕ್ಕತೊಡಗಿದಳು.