ನಾನು ಅಳಿಸಿದ ಪ್ರಶ್ನೆ

ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ತಪಾಸಣೆಗೆ ಸಾಹೇಬರು ಬಂದಾಗ ಇಡೀ ವರ್ಗದ ಕೈ ಮೇಲಿರುತ್ತದೆ, ನಾನು ಬಲಗೈಯವರನ್ನಷ್ಟೇ ಎಬ್ಬಿಸುತ್ತೇನೆ. ನಾನು ಓದಿದ ಶಾಲೆಯಲ್ಲೂ ಇದೇ ಕಳ್ಳಾಟವಿತ್ತು. ಟೀಚರಾದ ಮೇಲೆ ನಾನೂ ಅದನ್ನೇ ಕಲಿಸಿದೆ.

ಹಾನಗಲ್ಲಿನ ಮನೆಯಿಂದ ದಿನಾ ಎರಡು ಬಸ್ಸು ಹಿಡಿದು ಶಿಗ್ಗಾವಿ ಕಡೆಯ ಹಳ್ಳಿಯ ಹೈಸ್ಕೂಲಿಗೆ ಹೋಗುತ್ತಿದ್ದೆ. ವರ್ಗಾವಣೆಗೆ ಅರ್ಜಿ ಹಾಕಿದ್ದೆ. ಆ ವರ್ಷ ಶಾಲೆಗೆ ಟ್ಯಾಬುಗಳೂ ದೊಡ್ಡ ಪರದೆಯೂ ಬಂದವು. ಎಲ್ಲರೂ ಒಟ್ಟಿಗೆ ಬರೆಯಬಹುದಾದ ಡಿಜಿಟಲ್ ಕಡತವೊಂದನ್ನು ತೆರೆದು, ಮಣ್ಣಿನ ಪಾಠವನ್ನು ನೀವೇ ಕಟ್ಟಿ ಎಂದು ಹತ್ತನೆಯವರಿಗೆ ಬಿಟ್ಟುಕೊಟ್ಟೆ. ಕಟ್ಟಿದರಪ್ಪಾ! ಎರೆಮಣ್ಣಿನ ಫೋಟೊ ಹಾಕಿದರು, ಅಜ್ಜಂದಿರ ಮಾತು ರೆಕಾರ್ಡ್ ಮಾಡಿ ಸೇರಿಸಿದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿದರು. ಯಾರು ಬರೆಯುತ್ತಾರೋ ಅವರ ಹೆಸರು ಪರದೆಯ ಮೇಲೆ ಓಡಾಡುತ್ತಿತ್ತು. ಕೊನೆಗೆ ಪ್ರಶ್ನೆಗಳಿಗೊಂದು ಜಾಗ.

ಅಲ್ಲಿ ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವಳು ಮುಂದಿನ ಸಾಲಿನ ಒಬ್ಬ ಹುಡುಗಿ. ನರ್ಸ್ ಆಗುವ ಹಟ ಅವಳದು. ಆದರೆ ದಸರೆಯಿಂದ ನಮ್ಮಲ್ಲಿ ಗಣಿತದ ಮಾಸ್ತರರೇ ಇರಲಿಲ್ಲ.

"ಗಣಿತ ಹೋತಂದ್ರ ನಮ್ಮವ್ವ ನನ್ನ ಮುಂದ ಓದ್ಸೂದಿಲ್ರಿ ಅಕ್ಕೋರ," ಎಂದಿದ್ದಳು.

ಈ ಹೊಸ ಕಲಿಕೆ ನೋಡಲು ಜಿಲ್ಲೆಯಿಂದ ಸಾಹೇಬರು ಬರುತ್ತಾರೆಂದು ಗೊತ್ತಾದದ್ದೇ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. "ಪ್ರಶ್ನಿ ನೀವ ಬರದು ಕೊಡ್ರಿ ಅಕ್ಕೋರ, ಹುಡುಗ್ರು ನೋಡ್ಕೊಂಡು ಟೈಪ್ ಹೊಡೀಲಿ. ನಿಮ್ಮ ಅರ್ಜಿನೂ ಅವ್ರ ಮುಂದ ಐತಿ, ಮರೀಬ್ಯಾಡ್ರಿ."

ಮಕ್ಕಳೇ ಮುನ್ನಡೆಸುವ ಕಲಿಕೆಗೆ ನಾನು ಪ್ರಶ್ನೆ ಬರೆದುಕೊಟ್ಟೆ. ಥೂ ನನ್ನ ಜನ್ಮಕ್ಕೆ.

ಆ ದಿನ ಸಾಹೇಬರು ಕುರ್ಚಿಯಲ್ಲಿ ಚಹಾ ಕುಡಿಯುತ್ತ ಮೊಬೈಲ್ ನೋಡುತ್ತಿದ್ದರು. ನನ್ನ ಪ್ರಶ್ನೆಗಳು ಒಂದೊಂದಾಗಿ ಪರದೆಗೆ ಬಂದವು. ಆಮೇಲೆ ಅವಳ ಹೆಸರು ಮೂಡಿತು: "ದಸರೆಯಿಂದ ನಮಗೆ ಗಣಿತ ಕಲಿಸುವವರು ಇಲ್ಲ. ಯಾವಾಗ ಕಳಿಸುತ್ತೀರಿ?"

ಹೆಡ್‌ಮಾಸ್ತರರು ನನ್ನತ್ತ ಕಣ್ಣು ಬಿಟ್ಟರು. ನನ್ನ ಟ್ಯಾಬಿನಿಂದ ಅಳಿಸತೊಡಗಿದೆ. ನನ್ನ ಹೆಸರು ಅವಳ ಸಾಲನ್ನು ಒಂದೊಂದೇ ಅಕ್ಷರ ತಿನ್ನುತ್ತ ಬರುವುದನ್ನು ಇಡೀ ವರ್ಗ ನೋಡಿತು. ಅವಳು ಮತ್ತೆ ಬರೆದಳು. ನಾನು ಮತ್ತೆ ಅಳಿಸಿದೆ. ಸಾಹೇಬರು ತಲೆ ಎತ್ತಿದಾಗ ಪರದೆಯಲ್ಲಿ ನಾನು ಬರೆದುಕೊಟ್ಟ ಪ್ರಶ್ನೆಗಳಷ್ಟೇ ಇದ್ದವು.

"ಎಲ್ಲಾರಿಗೂ ತಿಳೀತೇನ್ರೋ?" ಎಂದರು. ಕೈಗಳೆಲ್ಲ ಮೇಲೆದ್ದವು. ಅವಳದು ಎಡಗೈ.

"ಶಾಬಾಸ್! ಒಬ್ರೂ ಬಾಕಿ ಇಲ್ಲ ನೋಡ್ರಿ," ಎಂದು ಹೆಡ್‌ಮಾಸ್ತರರ ಬೆನ್ನು ತಟ್ಟಿ ಹೋದರು.

ಅಂದಿನಿಂದ ನಾನು ಏನು ಕೇಳಿದರೂ ಅವಳು ಎಡಗೈಯನ್ನೇ ಎತ್ತಿದಳು. ಬೇರೆ ಯಾರಿಗೂ ಬಾರದ ಉತ್ತರ ಅವಳಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ಅವಳೂ ಅದನ್ನು ಬಲ್ಲಳು. ಗದರಲು ನನಗೆ ಯಾವ ಮುಖವಿತ್ತು? ಪರೀಕ್ಷೆ ಮುಗಿಯುವವರೆಗೂ ಗಣಿತಕ್ಕೆ ಯಾರೂ ಬರಲಿಲ್ಲ.

ಅವಳಿಗೆ ಗಣಿತ ಹೋಯಿತು. ನನಗೆ ಹಾನಗಲ್ಲಿಗೆ ವರ್ಗವಾಯಿತು. ನಾನು ಶಾಲೆ ಬಿಡುವ ದಿನವೇ ಅವಳು ಅಂಕಪಟ್ಟಿ ಒಯ್ಯಲು ಬಂದಿದ್ದಳು. ಗೇಟಿನಾಚೆ ಅವಳ ಅವ್ವ ಕೂಲಿಗೆ ಒಯ್ಯುವ ಬುತ್ತಿಗಂಟು ಹಿಡಿದು ಕಾಯುತ್ತಿದ್ದಳು, ಒಂದಲ್ಲ, ಎರಡು ಗಂಟು.

"ಮತ್ತ ಪರೀಕ್ಷಾ ಕಟ್ಟತೀಯಲ್ಲವಾ?" ಎಂದು ಕೇಳಿದೆ.

ಅವಳು ಅಂಕಪಟ್ಟಿಯನ್ನು ಬಲಗೈಗೆ ಬದಲಿಸಿಕೊಂಡು, ಎಡಗೈ ಎತ್ತಿದಳು.